ಶ್ವಾಸಕೋಶದ ಗಂಟು: ಸೌಮ್ಯವೇ, ಮಾರಕವೇ?

ಎದೆಯ ಕ್ಷ-ಕಿರಣ ಚಿತ್ರದಲ್ಲಿ ಒಮ್ಮೊಮ್ಮೆ ಕಡಲೆಕಾಳಿನಷ್ಟು ದುಂಡನೆಯ ಬಿಳಿಯ ಚುಕ್ಕೆಯೊಂದು ಕಾಣುವುದುಂಟು. ಮೂರು ಸೆಂಟಿಮೀಟರಿಗೆ ಮೀರದ ಇಂಥ ಚುಕ್ಕೆಯನ್ನು ವೈದ್ಯರು ಗಂಟು ಎನ್ನುವರು. ಅದು ಹಿಂದೆಂದೋ ಬಂದು ಮಾಗಿದ ಕ್ಷಯದ ಕಲೆಯಾಗಿರಬಹುದು. ಕ್ಯಾನ್ಸರಿನ ಮೊದಲ ಮೊಳಕೆಯೂ ಆಗಿರಬಹುದು. ಮೊದಲನೆಯದಾದರೆ ಶಸ್ತ್ರಚಿಕಿತ್ಸೆ ವ್ಯರ್ಥ. ಎರಡನೆಯದಾದರೆ ವಿಳಂಬವೇ ಅಪಾಯ. ಇವೆರಡನ್ನೂ ಬೇರ್ಪಡಿಸಿ ಗುರುತಿಸುವುದು ಹೇಗೆ?

1895ರಲ್ಲಿ ರಾಂಟ್‌ಜೆನ್ನನು ಕಂಡುಹಿಡಿದ ಕ್ಷ-ಕಿರಣಗಳು ಕೊಡುವುದು ನೆರಳನ್ನು ಮಾತ್ರ. ಪಕ್ಕೆಲುಬು, ಹೃದಯ, ಶ್ವಾಸಕೋಶಗಳ ನೆರಳುಗಳು ಒಂದರ ಮೇಲೊಂದು ಬಿದ್ದು ಕಲೆತುಹೋಗುತ್ತವೆ. ಹೌನ್ಸ್‌ಫೀಲ್ಡನು ನಿರ್ಮಿಸಿದ, 1971ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ರೋಗಿಯ ಪರೀಕ್ಷೆಗೆ ಬಳಸಲಾದ ಸಿ.ಟಿ. ಯಂತ್ರವು ಈ ತೊಡಕನ್ನು ನೀಗಿತು. ಅದು ಕಿರಣಗಳನ್ನು ನಾನಾ ದಿಕ್ಕುಗಳಿಂದ ಹಾಯಿಸಿ, ಅವು ಎಲ್ಲಿ ಎಷ್ಟು ಕುಂದಿದವೆಂಬುದನ್ನು ಗಣಿಸಿ, ದೇಹದ ಅಡ್ಡಕೊಯ್ತದ ಚಿತ್ರವನ್ನು ರಚಿಸುತ್ತದೆ. ಚಿತ್ರದ ಪ್ರತಿಯೊಂದು ಬಿಂದುವಿಗೂ ಒಂದು ಸಂಖ್ಯೆಯುಂಟು: ನೀರಿಗೆ 0, ಗಾಳಿಗೆ -1000. ಕೊಬ್ಬಿನ ಸಂಖ್ಯೆ ಸೊನ್ನೆಗಿಂತ ಕೆಳಗೆ. ಕ್ಯಾಲ್ಸಿಯಂ ತುಂಬಿದ ಭಾಗದ್ದು ನೂರಾರು.

ಈ ಸಂಖ್ಯೆಗಳೇ ಮೊದಲ ಸಾಕ್ಷಿಗಳು. ಗಂಟಿನ ನಟ್ಟನಡುವೆ, ಪದರಪದರವಾಗಿ ಅಥವಾ ಇಡಿಯಾಗಿ ಕ್ಯಾಲ್ಸಿಯಂ ಕಟ್ಟಿದ್ದರೆ ಅದು ಸಾಮಾನ್ಯವಾಗಿ ಸೌಮ್ಯವಾದುದು. ಒಳಗೆ ಕೊಬ್ಬಿದ್ದರೂ ಹೆಚ್ಚಾಗಿ ಹಾಗೆಯೇ. ಅಂಚಿನಿಂದ ಮುಳ್ಳುಗಳಂತೆ ಎಳೆಗಳು ಹೊರಟಿದ್ದರೆ ಸಂಶಯ ಬಲಿಯುತ್ತದೆ. ಆದರೆ ಅಂಚು ನುಣುಪಾಗಿದ್ದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ.

ರೂಪಕ್ಕಿಂತ ಬಲವಾದ ಸಾಕ್ಷಿ ಬೆಳವಣಿಗೆ. ಗೋಳದ ಘನಫಲವು ವ್ಯಾಸದ ಘನಕ್ಕೆ ಅನುಪಾತದಲ್ಲಿರುತ್ತದೆಂಬುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯ. 8 ಮಿಲಿಮೀಟರಿನ ಗಂಟು 10 ಮಿಲಿಮೀಟರಿಗೆ ಬೆಳೆಯಿತೆನ್ನೋಣ. 8ರ ಘನ 512. 10ರ ಘನ 1000. ಕಣ್ಣಿಗೆ ಅತ್ಯಲ್ಪವಾಗಿ ತೋರುವ ಈ ವ್ಯತ್ಯಾಸದಲ್ಲಿ ಗಂಟು ಹತ್ತಿರಹತ್ತಿರ ಇಮ್ಮಡಿಯಾಗಿದೆ! ಆದುದರಿಂದಲೇ ಇಂದು ಗಣಕಯಂತ್ರದಿಂದ ಘನಫಲವನ್ನೇ ಅಳೆಯುವ ಪದ್ಧತಿಯೂ ಬಂದಿದೆ. ಗಟ್ಟಿಯಾದ ಮಾರಕ ಗಂಟು ಇಮ್ಮಡಿಸಲು ಸಾಮಾನ್ಯವಾಗಿ 20ರಿಂದ 400 ದಿನಗಳು ಬೇಕು. ಅದಕ್ಕಿಂತ ಬೇಗನೆ ಹಿಗ್ಗಿದರೆ ಸೋಂಕಿನ ಸಂಭವ ಹೆಚ್ಚು. ಎರಡು ವರ್ಷ ಬದಲಾಗದೆ ನಿಂತರೆ ಬಹುಮಟ್ಟಿಗೆ ಸೌಮ್ಯ. ಮಬ್ಬು ಗಾಜಿನಂತೆ ಕಾಣುವ ಗಂಟುಗಳು ಮಾತ್ರ ನಿಧಾನವಾಗಿ ಬೆಳೆಯುವುದರಿಂದ ಅವುಗಳನ್ನು ಇನ್ನೂ ದೀರ್ಘಕಾಲ ಗಮನಿಸಬೇಕಾಗುತ್ತದೆ.

ವಿಕಿರಣಶೀಲ ಫ್ಲೋರೀನ್ ಬೆರೆತ ಗ್ಲೂಕೋಸಿನಂಥ ವಸ್ತುವನ್ನು ರಕ್ತಕ್ಕೆ ಸೇರಿಸಿ ಮಾಡುವ ಪಿ.ಇ.ಟಿ. ಪರೀಕ್ಷೆಯೂ ಉಂಟು. ಹಸಿದ ಕ್ಯಾನ್ಸರ್ ಕೋಶಗಳು ಅದನ್ನು ಹೆಚ್ಚಾಗಿ ಹೀರಿ ಚಿತ್ರದಲ್ಲಿ ಬೆಳಗುತ್ತವೆ. ಆದರೆ ಕ್ಷಯದ ಗಂಟೂ ಹಾಗೆಯೇ ಬೆಳಗಬಲ್ಲದು; ಕ್ಷಯ ಹೆಚ್ಚಾಗಿರುವ ನಮ್ಮ ದೇಶದಲ್ಲಿ ಇದನ್ನು ಮರೆಯಲಾಗದು. ಸಂಶಯ ಉಳಿದರೆ ಸೂಜಿಯಿಂದ ತೆಗೆದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ತೀರ್ಮಾನಿಸಬೇಕು.

ಬೆಳವಣಿಗೆಯನ್ನು ಅರಿಯಲು ಎರಡು ಚಿತ್ರಗಳು ಬೇಕು. ಎಂದೋ ತೆಗೆಸಿದ ಎದೆಯ ಚಿತ್ರವನ್ನು ರದ್ದಿಯೆಂದು ಎಸೆಯದೆ ಮನೆಯಲ್ಲಿ ಜೋಪಾನವಾಗಿಟ್ಟರೆ, ಮುಂದೊಂದು ದಿನ ಅದೇ ಒಬ್ಬರನ್ನು ಅನಗತ್ಯವಾದ ಶಸ್ತ್ರಚಿಕಿತ್ಸೆಯಿಂದ ಉಳಿಸಬಹುದು.