ಗಿರಣಿಯ ಪಾಳಿ

ಮಕ್ಕಳೇ, ಜೋಳದ ಡಬ್ಬಿ ಹೊತ್ತು ನೀವು ಹಿಟ್ಟಿನ ಗಿರಣಿಗೆ ಹೋಗಿದ್ದೀರಲ್ಲವೇ? ಗಿರಣಿಯವರು ಡಬ್ಬಿಗೆ ಹೆಸರಿನ ಚೀಟಿ ಅಂಟಿಸಿ ಸಾಲಿನಲ್ಲಿ ಇಡುತ್ತಾರೆ. ನೀವು ಅಲ್ಲಿಯೇ ಕಾಯಬೇಕಾಗಿಲ್ಲ; ಶಾಲೆಗೆ ಬರಬಹುದು. ಮೊದಲು ಇಟ್ಟ ಡಬ್ಬಿಯ ಜೋಳವನ್ನು ಮೊದಲು ಬೀಸುತ್ತಾರೆ.

ಅಂತರಜಾಲದ ತಾಣಗಳಲ್ಲಿಯೂ ಇಂಥ ಪಾಳಿ ಇರುತ್ತದೆ. ನಿಮ್ಮ ಗುರುಗಳು ಸ್ನೇಹಸಮ್ಮೇಳನದ ದೊಡ್ಡ ವಿಡಿಯೊ ಒಂದನ್ನು ತಾಣಕ್ಕೆ ಕಳುಹಿಸಿದರೆನ್ನಿ. ಅದನ್ನು ಸಿದ್ಧಪಡಿಸಲು ಬಹಳ ಹೊತ್ತು ಬೇಕು. ಆದ್ದರಿಂದ ತಾಣವು ‘ವಿಡಿಯೊ ಮುಟ್ಟಿತು’ ಎಂದು ಕೂಡಲೇ ತಿಳಿಸಿ, ಉಳಿದ ಕೆಲಸವನ್ನು ಪಾಳಿಗೆ ಸೇರಿಸುತ್ತದೆ. ಬೇರೊಂದು ಗಣಕಯಂತ್ರ ಆ ಕೆಲಸಗಳನ್ನು ಒಂದೊಂದಾಗಿ ಮುಗಿಸುತ್ತದೆ.

ಕರೆಂಟು ಹೋದರೆ ಗಿರಣಿ ನಿಲ್ಲುತ್ತದೆ. ಡಬ್ಬಿಗಳ ಸಾಲು ಹಾಗೆಯೇ ಇರುತ್ತದೆ. ಅದರಂತೆ, ಪಾಳಿಯನ್ನು ಬರೆದಿಟ್ಟಿದ್ದರೆ ಗಣಕಯಂತ್ರ ಕೆಟ್ಟು ನಿಂತರೂ ಕೆಲಸ ಕಳೆದುಹೋಗುವುದಿಲ್ಲ.

ಶಬ್ದಾರ್ಥ: ಪಾಳಿ – ಸರದಿ

ಅಭ್ಯಾಸ
೧. ಡಬ್ಬಿಯ ಚೀಟಿ ಬಿದ್ದುಹೋದರೆ ಏನಾಗುವುದು?
೨. ಸಾಲು ಬಹಳ ಉದ್ದವಾದರೆ ಗಿರಣಿಯವರು ಏನು ಮಾಡಬೇಕು?