ಸಿಡಿಲೂ ಸೌರವಿದ್ಯುತ್ತೂ

ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಸಿಂಧನೂರು ಸೀಮೆಯ ಎರೆಭೂಮಿ ಭತ್ತದ ಕಣಜವಾಯಿತೆಂಬುದು ಸರ್ವವಿದಿತ. ಈಗ ನಮ್ಮ ತುರ್ವಿಹಾಳದ ಕಡೆ ಮಾಳಿಗೆಗಳ ಮೇಲೆ ಬಿಸಿಲೂ ಒಂದು ಬೆಳೆಯಾಗುತ್ತಿದೆ. ಮನೆಮಾಳಿಗೆಯ ಸೌರಫಲಕಗಳಿಗೆ ಸಹಾಯಧನ ಕೊಡುವ ಕೇಂದ್ರ ಸರ್ಕಾರದ ಸೂರ್ಯಘರ್ ಯೋಜನೆ 2024ರಲ್ಲಿ ಆರಂಭವಾಯಿತು. ಆದರೆ ಈ ಬೆಳೆಗೂ ಒಂದು ಪಿಡುಗುಂಟು.

ಒಂದು ಬೇಸಿಗೆಯಲ್ಲಿ, ಭರಣಿ ಮಳೆಯ ಸಂಜೆ, ನಮ್ಮ ನೆರೆಮನೆಯಾಚೆಯ ಬೇವಿನ ಮರಕ್ಕೆ ಸಿಡಿಲು ಬಡಿಯಿತು. ಮರುದಿನ ಆ ಮನೆಯ ಇನ್ವರ್ಟರು ಮೂಕವಾಗಿತ್ತು. "ಸಿಡಿಲು ಬಿದ್ದದ್ದು ಗಿಡಕ್ಕೆ, ಸುಟ್ಟದ್ದು ನಮ್ಮ ಪೆಟ್ಟಿಗೆ ಹೆಂಗ ತಮ್ಮಾ?" ಎಂದು ಮನೆಯ ಹಿರಿಯರು ಕೇಳಿದರು. ಸಾಲದ ಕಂತು ಇನ್ನೂ ಮುಗಿದಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕಿದುದೇ ಈ ಲೇಖನಕ್ಕೆ ಕಾರಣ.

ಸಿಡಿಲಿನಲ್ಲಿ ಸಾವಿರಾರು ಆಂಪಿಯರ್ ಪ್ರವಾಹವು ಸೆಕೆಂಡಿನ ಲಕ್ಷಾಂಶಗಳಲ್ಲಿ ಏರುತ್ತದೆ. ಅದರ ಕಾಂತಕ್ಷೇತ್ರವು ಸಮೀಪದ ತಂತಿಯ ಸುತ್ತುಗಳಲ್ಲಿ ವೋಲ್ಟೇಜನ್ನು ಹುಟ್ಟಿಸುತ್ತದೆ. ಫಲಕದಿಂದ ಇಳಿಯುವ ಧನ, ಋಣ ತಂತಿಗಳು ದೂರ ದೂರವಿದ್ದರೆ ಸುತ್ತು ದೊಡ್ಡದು, ಅಪಾಯವೂ ದೊಡ್ಡದು. ಆದ್ದರಿಂದ ಅವೆರಡನ್ನೂ ಜೋಡಿಯಾಗಿಯೇ ತರಬೇಕು. 1752ರಲ್ಲಿ ಗಾಳಿಪಟದ ಪ್ರಯೋಗ ಮಾಡಿದ ಬೆಂಜಮಿನ್ ಫ್ರಾಂಕ್ಲಿನ್ ಪ್ರತಿಪಾದಿಸಿದ ಸಿಡಿಲುಗಂಬಿಯು ಕಟ್ಟಡವನ್ನು ಕಾಯುತ್ತದೆಯೇ ಹೊರತು ತಂತಿಯಲ್ಲಿ ಬರುವ ಈ ಹೊಡೆತವನ್ನು ತಡೆಯದು.

ಅದಕ್ಕೆ ಬೇಕಾದುದು ಎಸ್.ಪಿ.ಡಿ. ಎಂಬ ಸರ್ಜ್ ರಕ್ಷಕ. ಇದು ಕೆರೆಯ ಕೋಡಿಯಂತೆ. ನೀರು ಮಟ್ಟದಲ್ಲಿರುವವರೆಗೆ ಕೋಡಿ ಹರಿಯದು. ಮಟ್ಟ ಮೀರಿದರೆ ಹೆಚ್ಚಿನ ನೀರು ಹೊರಹೋಗಿ ಏರಿ ಉಳಿಯುತ್ತದೆ. ಹಾಗೆಯೇ ರಕ್ಷಕದೊಳಗಿನ ಸತುವಿನ ಆಕ್ಸೈಡಿನ ಬಿಲ್ಲೆಯು ಸಾಮಾನ್ಯ ವೋಲ್ಟೇಜನ್ನು ತಡೆದು, ಮಿತಿಮೀರಿದ್ದನ್ನು ನೆಲಕ್ಕೆ ಹರಿಸುತ್ತದೆ.

ಅಳವಡಿಸುವಾಗ ಗಮನಿಸಬೇಕಾದುವು ಇವು:

1. ಫಲಕದ ಕಡೆಯ ಡಿ.ಸಿ.ಗೆ ಒಂದು, ಮನೆಯ ಕಡೆಯ ಎ.ಸಿ.ಗೆ ಇನ್ನೊಂದು ರಕ್ಷಕ ಬೇಕು. ಫಲಕಕ್ಕೂ ಇನ್ವರ್ಟರಿಗೂ 10 ಮೀಟರಿಗಿಂತ ಹೆಚ್ಚು ಅಂತರವಿದ್ದರೆ ಫಲಕದ ಬಳಿಯೂ ಒಂದಿರಲಿ. ಎ.ಸಿ. ರಕ್ಷಕವನ್ನು ಡಿ.ಸಿ.ಗೆ ಹಾಕಲಾಗದು; ಎ.ಸಿ. ಪ್ರವಾಹವು ಸೆಕೆಂಡಿಗೆ 100 ಸಲ ಶೂನ್ಯಕ್ಕಿಳಿದು ಕಿಡಿಯನ್ನು ಆರಿಸುತ್ತದೆ, ಡಿ.ಸಿ.ಯಲ್ಲಿ ಕಿಡಿ ಆರದೆ ಬೆಂಕಿಯಾದೀತು.

2. ತಲಾ 45 ವೋಲ್ಟಿನ 10 ಫಲಕಗಳ ಸರಣಿಯ ತೆರೆದ ವೋಲ್ಟೇಜು 450. ಚಳಿಯಲ್ಲಿ ಅದು ಏರುವುದರಿಂದ 1.2ರಿಂದ ಗುಣಿಸಿದರೆ 540. ಆದುದರಿಂದ 600 ವೋಲ್ಟಿನ ರಕ್ಷಕ ಯೋಗ್ಯ.

3. ರಕ್ಷಕದ ಜೋಡಣೆ ತಂತಿಗಳು ಒಟ್ಟು ಅರ್ಧ ಮೀಟರು ಮೀರಬಾರದು. ಒಂದು ಮೀಟರು ತಂತಿಯ ಇಂಡಕ್ಟೆನ್ಸು ಸುಮಾರು 1 ಮೈಕ್ರೋಹೆನ್ರಿ. 10 ಮೈಕ್ರೋಸೆಕೆಂಡಿನಲ್ಲಿ 10,000 ಆಂಪಿಯರ್ ಏರಿದರೆ ಆ ತುಂಡಿನಲ್ಲೇ 1000 ವೋಲ್ಟು ಹುಟ್ಟಿ ಇನ್ವರ್ಟರಿನ ಮೇಲೆ ಹೆಚ್ಚುವರಿಯಾಗಿ ಬೀಳುತ್ತದೆ.

4. ಅರ್ಥಿಂಗ್ ಗುಂಡಿಗಳು ಬೇರೆಬೇರೆಯಿದ್ದರೂ ಅವನ್ನು ತಂತಿಯಿಂದ ಒಂದಕ್ಕೊಂದು ಕೂಡಿಸಬೇಕು. ಇಲ್ಲದಿದ್ದರೆ ಅವುಗಳ ನಡುವಿನ ವೋಲ್ಟೇಜು ಇನ್ವರ್ಟರಿನ ಮೂಲಕವೇ ದಾರಿ ಹುಡುಕುತ್ತದೆ.

5. ರಕ್ಷಕದ ಹಸಿರು ಕಿಟಕಿ ಕೆಂಪಾದರೆ ಅದು ತನ್ನ ಕೆಲಸ ಮುಗಿಸಿತೆಂದು ತಿಳಿದು ಬದಲಿಸಬೇಕು.

ಹಗಲಿನಲ್ಲಿ ಫಲಕದ ತಂತಿ ಸದಾ ಜೀವಂತ. ಆದುದರಿಂದ ಈ ಕೆಲಸ ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನರದೇ. ಮನೆಯವರು ನೋಡಬೇಕಾದುದು ಬೇರೆ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಅರ್ಥಿಂಗ್ ಸಲಾಕೆಯಿಂದ ಸಡಿಲುತ್ತದೆ. ಸಿಡಿಲಿನ ಮಳೆ ಬರುವುದೂ ಆಗಲೇ. ಮಳೆಗಾಲದಲ್ಲಿ ಅಳೆದು "ಅರ್ಥಿಂಗ್ ಚೆನ್ನಾಗಿದೆ" ಎಂದರೆ ಮೋಸಹೋದಂತೆ. ಚೈತ್ರದಲ್ಲಿಯೇ ಅಳೆಯಿಸಿ, ಗುಂಡಿಗೆ ನೀರು ಹಾಕುತ್ತಿರಬೇಕು.

ನೆರೆಮನೆಯಲ್ಲಿ ರಕ್ಷಕವಿತ್ತು, ನೆಲಕ್ಕಿಳಿಯುವ ಅದರ ತಂತಿ ಒಣಗಿದ ಗುಂಡಿಯಲ್ಲಿ ಕೊನೆಗೊಂಡಿತ್ತು. ಕೋಡಿಯಿದ್ದೂ ಕೋಡಿಯ ಮುಂದಿನ ಹಳ್ಳ ಮುಚ್ಚಿಹೋಗಿದ್ದರೆ ಏರಿ ಉಳಿದೀತೇ? ಈಗ ಆ ಹಿರಿಯರು ತುಳಸಿಗೆ ನೀರೆರೆದ ಮೇಲೆ ಆ ಗುಂಡಿಗೂ ಒಂದು ಕೊಡ ಎರೆಯುತ್ತಾರೆ. ಕಲಾವಿಭಾಗದ ವಿದ್ಯಾರ್ಥಿಯ ಈ ಬರಹದಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಬೇಕಾಗಿ ವಿನಂತಿ.