ಇಂಡಿಯ ಲಿಂಬೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳು ಮಳೆ ಕಡಿಮೆಯಾದ ನಾಡು. ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ, ಅದೂ ನಂಬುವಂಥದಲ್ಲ. ಬೇಸಗೆಯಲ್ಲಿ ಎರೆಭೂಮಿ ಬಾಯಿಬಿಟ್ಟು ನಿಲ್ಲುತ್ತದೆ. ಇಂತಹ ನೆಲದಲ್ಲಿಯೂ ಹಸಿರು ಮಾಸದ ಮುಳ್ಳುಗಿಡವೊಂದು ರೈತನ ಕೈ ಹಿಡಿದಿದೆ. ಅದೇ ಲಿಂಬೆ. 2023ರಲ್ಲಿ ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅದೇ ವರ್ಷ ರಾಜ್ಯದಲ್ಲಿ ಬರ ಬಿದ್ದಿತು.

ಇಲ್ಲಿ ಬೆಳೆಯುವುದು ಕಾಗದಿ ಲಿಂಬೆ. ಸಿಪ್ಪೆ ಕಾಗದದಂತೆ ತೆಳುವಾದುದರಿಂದ ಈ ಹೆಸರು. ಹಣ್ಣು ಚಿಕ್ಕದು, ದುಂಡಗಿನದು, ರಸಭರಿತವಾದುದು. ಗಜಲಿಂಬೆಯಾದರೋ ಗಾತ್ರದಲ್ಲಿ ದೊಡ್ಡದು, ಅದರ ಸಿಪ್ಪೆ ದಪ್ಪ. ಹಣ್ಣಿಲ್ಲದ ಕಾಲದಲ್ಲಿ ಕಾಗದಿಯ ಎಲೆಯ ತೊಟ್ಟನ್ನು ನೋಡಬೇಕು. ಅದರ ಎರಡೂ ಬದಿಗೆ ಕಿರಿದಾದ ರೆಕ್ಕೆಯಂತಹ ಅಂಚಿರುತ್ತದೆ.

ಈ ಗಿಡದ ಬೀಜದಲ್ಲಿ ಒಂದು ಸೋಜಿಗವಿದೆ. ಒಂದೇ ಬೀಜದಿಂದ ಎರಡು ಮೂರು ಸಸಿಗಳು ಹುಟ್ಟುವುದುಂಟು. ಅವುಗಳಲ್ಲಿ ಹೆಚ್ಚಿನವು ತಾಯಿಗಿಡದ ಅಂಗಾಂಶದಿಂದಲೇ ಮೂಡಿದವು. ಆದುದರಿಂದ ಗುಣದಲ್ಲಿ ತಾಯಿಯನ್ನೇ ಹೋಲುತ್ತವೆ. ಮಾವಿನ ಅನೇಕ ತಳಿಗಳಂತೆ ಇದಕ್ಕೆ ಕಸಿ ಕಟ್ಟಲೇಬೇಕೆಂಬ ನಿರ್ಬಂಧವಿಲ್ಲ. ಆದರೆ ಬೀಜ ಒಣಗಿದರೆ ಮೊಳೆಯುವ ಶಕ್ತಿ ಕುಂದುತ್ತದೆ. ಹಣ್ಣಿನಿಂದ ತೆಗೆದ ಬೀಜವನ್ನು ತಡಮಾಡದೆ ಬಿತ್ತಿ, ಮೊಳೆತವುಗಳಲ್ಲಿ ಸೊರಗಿದವನ್ನು ಕಿತ್ತುಹಾಕಬೇಕು.

ಬೆಳೆಗಾರನ ನಿಜವಾದ ಜಾಣ್ಮೆ ಇರುವುದು ನೀರು ಕೊಡುವುದರಲ್ಲಲ್ಲ, ಕೊಡದೆ ಇರುವುದರಲ್ಲಿ. ಕೆಲವು ವಾರ ನೀರು ನಿಲ್ಲಿಸಿದರೆ ಗಿಡ ಬಾಡಿ ಎಲೆಯುದುರಿಸುತ್ತದೆ. ಆಮೇಲೆ ಗೊಬ್ಬರವಿತ್ತು ನೀರುಣಿಸಿದರೆ ಮೈತುಂಬ ಹೂ ಬಿಡುತ್ತದೆ. ಹೂ ಬಿಡುವ ಕಾಲಕ್ಕೆ ಬಹಾರವೆಂದು ಹೆಸರು. ಅಂಬೆ, ಮೃಗ, ಹಸ್ತ ಎಂದು ಮೂರು. ಹಸ್ತ ಬಹಾರದ ಹಣ್ಣು ಬೇಸಗೆಗೆ ಕೈಸೇರುವುದರಿಂದ ಬೆಲೆ ಹೆಚ್ಚು. ಆದರೆ ಅದಕ್ಕಾಗಿ ಗಿಡವನ್ನು ಬಾಡಿಸಬೇಕಾದ ದಿನಗಳಲ್ಲೇ ಈ ಸೀಮೆಗೆ ಮಳೆ ಬರುತ್ತದೆ! ವರ್ಷವೆಲ್ಲ ಮಳೆಯನ್ನು ಹಾರೈಸುವ ರೈತ ಆಗ ಮಾತ್ರ ಮುಗಿಲನ್ನು ಅಳುಕಿನಿಂದ ನೋಡುತ್ತಾನೆ.

ಬಾಯಾರಿಕೆಯಿಂದ ಹೂವಾಗುವ ಗಿಡ ಬರಗಾಲದಲ್ಲಿ ಅದೇ ಬಾಯಾರಿಕೆಯಿಂದ ಸಾಯುತ್ತದೆ. ಅದರ ಬೇರುಗಳಲ್ಲಿ ಹೆಚ್ಚಿನವು ಮೇಲ್ಮಣ್ಣಿನಲ್ಲಿಯೇ ಹರಡಿಕೊಂಡಿರುತ್ತವೆ. ಜೋಳ ಒಣಗಿದರೆ ಹೋಗುವುದು ಒಂದು ವರ್ಷದ ಫಸಲು. ಲಿಂಬೆ ಒಣಗಿದರೆ ಹತ್ತು ಹದಿನೈದು ವರ್ಷಗಳ ದುಡಿಮೆಯೇ ಹೋಯಿತು. ಆದುದರಿಂದಲೇ ಬಾವಿ ಬತ್ತಿದಾಗ ಸಾಲ ಮಾಡಿಯಾದರೂ ಟ್ಯಾಂಕರಿನಲ್ಲಿ ನೀರು ತರಿಸಿ ತೋಟ ಉಳಿಸಿಕೊಳ್ಳುವವರಿದ್ದಾರೆ. ಹಾಗೆ ತಂದ ನೀರನ್ನು ಬುಡಕ್ಕೆ ಸುರಿಯಬಾರದು; ಕಾಂಡಕ್ಕೆ ನೀರು ತಾಗುತ್ತಿದ್ದರೆ ತೊಗಟೆ ಕೊಳೆಯುತ್ತದೆ. ಬುಡದ ಸುತ್ತ ಮಣ್ಣೇರಿಸಿ, ಅದರಾಚೆ ಬಳೆಯಂತೆ ಪಾತಿ ಮಾಡಿ, ಅಲ್ಲಿ ನೀರು ಹಾಯಿಸಿ, ಒಣಗಿದ ಸೊಪ್ಪುಸದೆಯನ್ನು ಹೊದಿಸಬೇಕು.